ಮೊಳಕೈ ಮುಳುಗುವಷ್ಟು ಕಾಳು

ಎಲ್ಲ ಊರುಗಳ ಹಾಗೆ ಒಂದು ಊರಿತ್ತಂತೆ. ಆ ಊರಲ್ಲಿ ನೂರು ಮನೆ, ನೂರು ಮನೆಗೆ ಸಾವಿರ ಬಾಯಿ. ಆ ನೂರರಲ್ಲಿ ಕೆಂಚಪ್ಪಗೌಡನದು ದೊಡ್ಡ ಮನೆಯಂತೆ. ಇದ್ದವರು ಮೂವರೇ. ಗೌಡ, ಅವನ ಹೆಂಡತಿ ಹಾಲಮ್ಮ, ಒಬ್ಬನೇ ಮಗ ದ್ಯಾವಣ್ಣ.

ನಡುಮನೆಯಲ್ಲಿ ಆಳೆತ್ತರದ ಮೂರು ಕಣಜ. ಬಿದಿರು ಹೆಣೆದು ಸಗಣಿ ಮಣ್ಣು ಮೆತ್ತಿದ್ದು. ಒಂದು ರಾಗಿಯದು, ಒಂದು ಜೋಳದ್ದು, ಒಂದು ಹುರುಳಿಯದು. ಮೇಲೆ ಮುಚ್ಚಳ, ಬುಡದಲ್ಲಿ ಮುಷ್ಟಿಯಷ್ಟು ತೂತು, ತೂತಿಗೆ ಬಟ್ಟೆ ಬಿರಟೆ. ಬೇಕಾದಾಗ ಬಿರಟೆ ಎಳೆದರೆ ಕಾಳು ಮೊರಕ್ಕೆ ಸುರಿಯಬೇಕು. ಎಲ್ಲರ ಮನೆಯಲ್ಲೂ ಹಾಗೇ.

ಆ ಸೀಮೆಯಲ್ಲಿ ಹೆಣ್ಣು ಕೊಡುವವರು ಗಂಡಿನ ಮುಖ ಆಮೇಲೆ ನೋಡುತ್ತಿದ್ದರಂತೆ. ಮೊದಲು ಕಣಜ. ಹೆಣ್ಣಿನ ಕಡೆ ಹಿರಿಯರು ಏಣಿ ಹತ್ತಿ ಕಾಳಿನೊಳಗೆ ಕೈ ಹಾಕಬೇಕು. ಮೊಳಕೈವರೆಗೆ ಮುಳುಗಿದರೆ ಮನೆ ತುಂಬಿದೆ ಅಂತ ಅರ್ಥ. ಅದಕ್ಕಿಂತ ಆಳ ಕೈ ಹಾಕುವುದು ಮರ್ಯಾದೆಯಲ್ಲ. ಈ ಮರ್ಯಾದೆ ಯಾರ್ಯಾರ ಮಾನ ಕಾಪಾಡಿದೆ ಅನ್ನೋದು ಬೇರೆ ಮಾತು.

ದ್ಯಾವಣ್ಣನಿಗೆ ಮೂವತ್ತು ದಾಟಿತ್ತಂತೆ. ಆರು ಕಡೆ ಮಾತಾಗಿ ಆರೂ ಮುರಿದಿತ್ತು. ಏಳನೆಯದು ಹೊಳೆಯಾಚೆ ಊರಿನ ಸಾಕವ್ವ ಅನ್ನೋ ಹುಡುಗಿ. ಇದೂ ತಪ್ಪಿದರೆ ಆ ಮನೆಗೆ ಇನ್ನು ಸೊಸೆ ಅನ್ನುವವಳು ಕನಸಿನಲ್ಲೇ ಬರಬೇಕು.

ಕಣಜ ನೋಡಲು ಹುಡುಗಿಯ ಅಜ್ಜಿ ಬಂದಳಂತೆ. ಕರಿಬಸಜ್ಜಿ ಅಂತ ಹೆಸರು, ಕಡ್ಡಿಯಂಥ ಮೈ, ಕತ್ತರಿಯಂಥ ಕಣ್ಣು. ಮೂರು ಸಲ ಏಣಿ ಹತ್ತಿದಳು, ಮೂರು ಸಲ ಕೈ ಹಾಕಿದಳು, ಮೂರು ಸಲವೂ ಮೊಳಕೈ ಮುಳುಗಿತು.

ಗೌಡ ಮೀಸೆ ತೀಡಿದ. "ಮೂರು ವರ್ಷ ಮಳೆ ಬಾರದಿದ್ದರೂ ನಮ್ಮ ಒಲೆ ಆರಲ್ಲ, ಅಜ್ಜಿ."

"ಮೂರು ವರ್ಷ ಯಾಕಪ್ಪ," ಅಂದಳು ಅಜ್ಜಿ. "ಕೊಯ್ಲಿಗೆ ಮೂರು ಅಮಾವಾಸ್ಯೆ ಇದೆ. ಅಲ್ಲಿತನಕ ನಾನು ಇಲ್ಲೇ ಇರ್ತೀನಿ. ಹೊಸ್ತಿಲಾಚೆಯಿಂದ ಒಂದು ಕಾಳು ಒಳಗೆ ಬರಬಾರದು. ಕೂಡಿಟ್ಟಿದ್ದರಲ್ಲೇ ಒಲೆ ಉರಿದರೆ ಹುಡುಗಿ ನಿಮ್ಮದು. ಒಂದು ಹೊತ್ತು ತಪ್ಪಿದರೂ ನಾನು ನನ್ನ ದಾರಿ ಹಿಡೀತೀನಿ. ದಾರೀಲಿ ಸಿಕ್ಕವರಿಗೆಲ್ಲ ಹೇಳ್ಕೊಂಡು ಹೋಗ್ತೀನಿ."

ಗೌಡ ಆಗಲಿ ಅಂದ. ಹಾಲಮ್ಮ ಆಗಲಿ ಅಂದಳು. ದ್ಯಾವಣ್ಣನೂ ತಲೆ ಆಡಿಸಿದ. ಯಾಕೆ ಅಂತೀರಾ? ಗೌಡ ಮೂರು ವರ್ಷದಿಂದ ಜೋಳದ ಕಣಜ ಬಗೆದು, ಕೆಳಕೇರಿಯಲ್ಲಿ ಬಳೆ ಮಾರುವ ಪುಟ್ಟಗಂಗಿಯ ಮನೆಗೆ ಹೊತ್ತಿದ್ದ. ಬಳೆಗೆ ಅಷ್ಟು ಜೋಳ ಯಾರೂ ಕೊಡುವುದಿಲ್ಲ. ಹಾಲಮ್ಮ ರಾಗಿಯನ್ನು ಮಡಿಲಲ್ಲಿ ಕಟ್ಟಿ ಕಟ್ಟಿ ಅದೇ ಊರಲ್ಲಿದ್ದ ತಮ್ಮನ ಮನೆ ತುಂಬಿಸಿದ್ದಳು. ಮಗರಾಯ ಹುರುಳಿಯನ್ನೆಲ್ಲ ಕೋಳಿ ಅಂಕದ ಜೂಜಿನಲ್ಲಿ ಕಳೆದಿದ್ದ. ಮೂವರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಕದ್ದ ಜಾಗಕ್ಕೆ ಹೊಟ್ಟು ತುಂಬಿ, ಹೊಟ್ಟಿನ ಮೇಲೆ ಗೋಣಿ ಹಾಸಿ, ಗೋಣಿಯ ಮೇಲೆ ಮೊಳಕೈ ಮುಳುಗುವಷ್ಟು ಕಾಳು ಹರವಿದ್ದರಂತೆ. ಮೂವರೂ ಅಂದುಕೊಂಡಿದ್ದು ಒಂದೇ: ನಾನು ತೆಗೆದಿದ್ದು ಒಂದು ಕಣಜ, ಇನ್ನೆರಡು ತುಂಬಿವೆಯಲ್ಲ.

ಮೊದಲ ದಿನವೇ ಶುರುವಾಯಿತು.

"ಅಜ್ಜಿಗೆ ರಾಗಿ ಮುದ್ದೆ ಮಾಡೇ," ಅಂದ ಗೌಡ.

"ಬೀಗರಿಗೆ ಮುದ್ದೇನಾ? ಜೋಳದ ರೊಟ್ಟಿ ತಟ್ತೀನಿ," ಅಂದಳು ಹಾಲಮ್ಮ.

"ಬರೀ ರೊಟ್ಟಿ ಬೇಡ, ಬರೀ ಮುದ್ದೆ ಬೇಡ, ಎರಡೂ ಮಾಡು. ಹುರುಳಿ ಮಾತ್ರ ಬೇಡ, ಅಜ್ಜಿಗೆ ವಾಯು," ಅಂದ ದ್ಯಾವಣ್ಣ.

"ನನಗ್ಯಾವ ವಾಯುವೂ ಇಲ್ಲ ಕಣಪ್ಪ, ಹುರುಳಿ ಸಾರೂ ಆಗಲಿ," ಅಂದಳು ಅಜ್ಜಿ.

ಹಾಲಮ್ಮ ಏಣಿ ತಂದಳು. ಅಜ್ಜಿ ಕೇಳಿದಳು, "ಬುಡದಲ್ಲಿ ಬಿರಟೆ ಇರುವಾಗ ಏಣಿ ಯಾಕಮ್ಮ?"

ಹಾಲಮ್ಮ ಏಣಿಯನ್ನು ಕಣಜಕ್ಕೆ ಆನಿಸಿದಳಂತೆ. ಆಮೇಲೆ ನಾಲಗೆ ತಿರುಗಿತು. "ನಮ್ಮ ಮನೆ ಪದ್ಧತಿ ಅಜ್ಜಿ. ಲಕ್ಷ್ಮಿಯನ್ನ ಕಾಲಿಂದ ಎಳೀಬಾರದು, ತಲೆಯಿಂದ ಇಳಿಸ್ಕೋಬೇಕು."

"ಒಳ್ಳೇ ಪದ್ಧತಿ," ಅಂದು ಅಜ್ಜಿ ಹೊಸ್ತಿಲ ಪಕ್ಕ ಕಾಲು ಚಾಚಿದಳು. ಅಲ್ಲಿಂದ ಒಲೆಯೂ ಕಾಣಬೇಕು, ಬೀದಿಯೂ ಕಾಣಬೇಕು. ಅಂಥ ಜಾಗ.

ಒಂದು ಅಮಾವಾಸ್ಯೆ ಕಳೆಯಿತು. ಸೇರು ಗೋಣಿಗೆ ತಾಗುವ ಸದ್ದು ರಾಗಿ ಕಣಜದಿಂದ ಬಂತು. ಹಾಲಮ್ಮ ಜೋಳಕ್ಕೆ ಹೋದಳು. ಅಲ್ಲೂ ಗೋಣಿ. ಹುರುಳಿಗೆ ಹೋದಳು. ಅಲ್ಲೂ ಗೋಣಿ ಅಂಚು ಕಂಡಿತು. ಅಜ್ಜಿ ಮಧ್ಯಾಹ್ನ ಕಣ್ಣು ಮುಚ್ಚಿದ ಹೊತ್ತಿಗೆ ಮೂವರೂ ಕೊಟ್ಟಿಗೆಯಲ್ಲಿ ಎಮ್ಮೆಯ ಮರೆಗೆ ಸೇರಿದರಂತೆ.

"ಜೋಳ ಎಲ್ಲಿ ಹೋಯ್ತು?" ಪಿಸುಗುಟ್ಟಿದಳು ಹಾಲಮ್ಮ.

"ರಾಗಿ ಎಲ್ಲಿ ಹೋಯ್ತು, ಅದ ಹೇಳು ಮೊದಲು," ಅಂದ ಗೌಡ.

"ನನ್ನ ತಮ್ಮನ ಮಕ್ಕಳು ಉಂಡ್ರು. ನಿಮ್ಮ ಜೋಳ ಉಂಡೋಳಿಗೆ ಮಕ್ಕಳೂ ಇಲ್ಲ."

ಗೌಡ ಮಗನ ಕಡೆ ತಿರುಗಿದ. "ಹುರುಳಿ ಎಲ್ಲೋ?"

"ಕೋಳಿ ತಿಂತಪ್ಪ," ಅಂದ ದ್ಯಾವಣ್ಣ. ಹೊಡೆಯಲು ಎತ್ತಿದ ಕೈಯನ್ನು ಗೌಡ ಸದ್ದಾಗುತ್ತೆ ಅಂತ ಇಳಿಸಿಕೊಂಡನಂತೆ.

ಹಾಲಮ್ಮ ಉಳಿದಿದ್ದನ್ನೆಲ್ಲ ಅಳೆದಳು. ನಾಲ್ಕು ಬಾಯಿ ಹೀಗೇ ಉಂಡರೆ ಹದಿನೈದು ದಿನ. ಎರಡು ಅಮಾವಾಸ್ಯೆ ಇನ್ನೂ ಬಾಕಿ. ಅಜ್ಜಿಯ ತಟ್ಟೆಗೆ ಕಡಿಮೆ ಮಾಡುವಂತಿಲ್ಲ. ಹಾಗಾಗಿ ತಮ್ಮ ತಟ್ಟೆಗೆ ಕಡಿಮೆ ಮಾಡಿದರು. ಗೌಡನಿಗೆ ಸೋಮವಾರ ಒಪ್ಪತ್ತು ಬಂತು, ಗುರುವಾರ ಒಪ್ಪತ್ತು ಬಂತು, ಆಮೇಲೆ ವಾರವೆಲ್ಲ ಒಪ್ಪತ್ತೇ ಆಯಿತು. ಕೆಳಕೇರಿಗೆ ಹೋಗಿ ಉಂಡು ಬರೋಣ ಅಂತ ಒಂದು ದಿನ ಹೋದನಂತೆ. ಜೋಳ ಬರುವುದು ನಿಂತ ಮೇಲೆ ಆ ಬಾಗಿಲಿಗೂ ಅಗಳಿ ಬಿದ್ದಿತ್ತು. ಬಾಗಿಲ ಹಿಂದೆ ರೊಟ್ಟಿ ಬಡಿಯುವ ಸದ್ದು ಮಾತ್ರ ಕೇಳಿತಂತೆ.

ಹಾಲಮ್ಮ ಮುದ್ದೆಯ ಬದಲು ಅಂಬಲಿ ಕಾಯಿಸಿದಳು. ಅಂಬಲಿ ನೀರಾಯಿತು. ನೀರಿಗೆ ಉಪ್ಪು ಬಿತ್ತು. ಎರಡನೇ ಅಮಾವಾಸ್ಯೆಯೂ ಕಳೆಯಿತು. ಗೌಡನ ಪಂಚೆ ಸೊಂಟದಲ್ಲಿ ನಿಲ್ಲದೆ ಮೇಲೊಂದು ಹಗ್ಗ ಕಟ್ಟಿದ. ಅಜ್ಜಿ ಮಾತ್ರ ಎರಡು ಹೊತ್ತೂ ಉಂಡು, ತಟ್ಟೆ ಬೆರಳಲ್ಲಿ ಒರೆಸಿ, "ತುಂಬಿದ ಮನೆ ಅಂದ್ರೆ ಇದು" ಅನ್ನುತ್ತಿದ್ದಳಂತೆ.

ಒಂಬತ್ತು ದಿನ ಉಳಿದಿತ್ತು. ಹಿಡಿ ರಾಗಿ ಉಳಿದಿತ್ತು. ಹಾಲಮ್ಮ ಬಾಗಿಲು ಮರೆ ಮಾಡಿಕೊಂಡು ಹೊಟ್ಟನ್ನೇ ಬೀಸಿ ಆ ಹಿಟ್ಟಿಗೆ ಬೆರೆಸಿದಳು.

ಅಜ್ಜಿ ತುತ್ತು ನುಂಗಿದಳು. ಗಂಟಲಲ್ಲಿ ನಿಂತಿತು. ಕಣ್ಣಲ್ಲಿ ನೀರು ಬಂತು. ದ್ಯಾವಣ್ಣ ಓಡಿ ನೀರು ಕೊಟ್ಟ. ಅಜ್ಜಿ ನೀರು ಕುಡಿದು, ಇನ್ನೊಂದು ತುತ್ತು ಮುರಿದಳು.

ದ್ಯಾವಣ್ಣ ಆ ತುತ್ತನ್ನು ಅವಳ ಕೈಯಿಂದ ತೆಗೆದಿಟ್ಟನಂತೆ.

"ಬೇಡ ಅಜ್ಜಿ," ಅಂದ.

"ಸುಮ್ನಿರೋ," ಅಂದಳು ಹಾಲಮ್ಮ. "ಇನ್ನು ಒಂಬತ್ತೇ ದಿನ."

"ಒಂಬತ್ತು ದಿನ ಕಳೆದ ಮೇಲೆ ಆ ಹುಡುಗಿ ಬಂದು ಇದನ್ನೇ ನುಂಗಬೇಕಲ್ಲವ್ವ." ದ್ಯಾವಣ್ಣ ಒಂದೊಂದೇ ಕಣಜದ ಬಿರಟೆ ಕಿತ್ತ. ಹೊಟ್ಟು ಸುರಿಯಿತು, ಸುರಿಯಿತು, ನಡುಮನೆಯಲ್ಲಿ ಕಾಲ ಗಂಟು ಮುಳುಗುವಷ್ಟು ಸುರಿಯಿತು. ಗೌಡ ಗೋಡೆಗೆ ಮುಖ ಮಾಡಿ ನಿಂತ.

ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಸೀನಿದಳು. ಆಮೇಲೆ ಅಂದಳಂತೆ, "ನನಗೆ ಮೊದಲ ದಿನವೇ ಗೊತ್ತಿತ್ತು. ಬೆರಳ ತುದಿಗೆ ಗೋಣಿ ತಾಗಿತ್ತು."

ಹಾಲಮ್ಮನೇ ಮೊದಲು ಕೇಳಿದಳು. "ಮತ್ತೆ ಯಾಕೆ ಉಳಕೊಂಡೆ?"

"ನಮ್ಮ ಮನೇಲಿ ನಾಲ್ಕು ಬಾಯಿ ಕಣಮ್ಮ. ಮಗ, ಸೊಸೆ, ಸಾಕವ್ವ, ನಾನು. ಇದ್ದ ರಾಗಿ ಅಳೆದು ನೋಡಿದೆ. ನಾಲ್ಕು ಜನ ಉಂಡರೆ ಎರಡು ಅಮಾವಾಸ್ಯೆ. ಮೂರು ಜನ ಉಂಡರೆ ಹತ್ತಿರ ಹತ್ತಿರ ಮೂರು. ಒಂದು ಬಾಯಿ ಎಲ್ಲಾದ್ರೂ ಇಡಬೇಕಿತ್ತು. ಇಲ್ಲಿ ತಂದಿಟ್ಟೆ."

"ನಾವು ಉಪವಾಸ ಬಿದ್ದು ನಿನಗೆ ಬಡಿಸಿದ್ವಲ್ಲೇ ಮುದುಕಿ," ಅಂದಳು ಹಾಲಮ್ಮ.

"ನೋಡಿದೆ. ನೋಡ್ಕೊಂಡೇ ಉಂಡೆ. ಮೊಮ್ಮಗಳ ನೆನಪಾದಾಗ ಇನ್ನೊಂದು ತುತ್ತು ಜಾಸ್ತಿ ಉಂಡೆ." ಅಜ್ಜಿ ತಟ್ಟೆ ದೂರ ಸರಿಸಿದಳು. "ನೀವು ಹೊಟ್ಟು ಮುಚ್ಚಿಟ್ಟು ಹೆಣ್ಣು ಕೇಳಿದ್ರಿ. ನಾನು ಹಸಿವು ಮುಚ್ಚಿಟ್ಟು ಅನ್ನ ಉಂಡೆ. ಬೀಗತನ ಇದಕ್ಕಿಂತ ಸಮ ಆಗೋದು ಹೇಗೆ? ನಿಮ್ಮಿಬ್ಬರನ್ನ ನೋಡಿ ನಾನು ಹುಡುಗಿ ಕೊಡ್ತಿರಲಿಲ್ಲ. ಬಿರಟೆ ಕಿತ್ತನಲ್ಲ, ಅವನಿಗೆ ಕೊಡ್ತೀನಿ."

ಪಂಥ ಮುಗಿದಿತ್ತಲ್ಲ, ನಾಲ್ವರೂ ಹೊಲಕ್ಕೆ ಹೋಗಿ ಇನ್ನೂ ಹಸಿಯಿದ್ದ ತೆನೆ ಸುಟ್ಟು ತಿಂದರಂತೆ. ಗೌಡ ಸುಟ್ಟ ಬೂದಿಯನ್ನೂ ಬಿಡಲಿಲ್ಲವಂತೆ.

ಮದುವೆ ಕೊಯ್ಲಾದ ಮೇಲೆ ಆಗಲಿ ಅಂದ ಗೌಡ. ಅಜ್ಜಿ ಒಪ್ಪಲಿಲ್ಲ. "ಕೊಯ್ಲಾದ ಮೇಲೆ ಯಾರ ಮನೆಯಾದ್ರೂ ತುಂಬಿರುತ್ತೆ. ಈಗಲೇ ಆಗಲಿ. ಬರೋರು ಮನೆಗೊಂದು ಸೇರು ಹಿಟ್ಟು ತರಲಿ, ಅವರವರ ಕಣಜದ ಬಿರಟೆ ಎಳೆದು ಬೀಸಿದ್ದೇ."

ಊರಲ್ಲಿ ತಮಟೆ ಹೊಡೆಸಿದರು. ಐದನೇ ದಿನಕ್ಕೆ ಮುಹೂರ್ತ. ಆ ದಿನ ಬೆಳಗ್ಗೆ ನೂರು ಮನೆಯಲ್ಲಿ ನಲವತ್ತು ಮನೆಗೆ ಹೊಟ್ಟೆನೋವು ಬಂತು. ಅದರಲ್ಲಿ ಮೊದಲನೆಯದು ಹಾಲಮ್ಮನ ತಮ್ಮನ ಮನೆ. ಮೂವತ್ತು ಮನೆಯವರು ಕೋಳಿ ಕೂಗುವ ಮೊದಲೇ ನೆಂಟರ ಊರಿಗೆ ಹೋದರು. ಇಪ್ಪತ್ತೆರಡು ಮನೆಗೆ ಸೂತಕ. ಸತ್ತವರು ಯಾರು ಅಂದರೆ ಒಬ್ಬರಿಗೂ ಹೆಸರು ನೆನಪಿಲ್ಲ. ಬಂದಿದ್ದು ಏಳೇ ಮನೆ. ಏಳನೆಯವಳು ಪುಟ್ಟಗಂಗಿ, ತಲೆ ಮೇಲೆ ಜೋಳದ ಹಿಟ್ಟಿನ ಬುಟ್ಟಿ. ಹಾಲಮ್ಮ ಅವಳ ಮುಖ ನೋಡಲಿಲ್ಲವಂತೆ. ಆದರೆ ಹಿಟ್ಟನ್ನು ಎರಡು ಸಲ ಅಳೆದು ತೆಗೆದುಕೊಂಡಳಂತೆ.

ಹೊಳೆಯಾಚೆಯಿಂದ ಸಾಕವ್ವ ಬಂದಳು. ಅವಳ ಅಪ್ಪ ಅವ್ವ ಗಾಳಿಗೆ ಬಾಗುವ ಹಾಗೆ ಬಡಕಲಾಗಿ ಬಂದರು. ಹುಡುಗಿ ಮಾತ್ರ ಕೆನ್ನೆ ತುಂಬಿಕೊಂಡು ನೆಟ್ಟಗೆ ನಡೆದು ಬಂದಳಂತೆ. ಅಜ್ಜಿ ಅವಳ ರಟ್ಟೆ ಹಿಸುಕಿ ನೋಡಿ, ಆಮೇಲೆ ಸೆರಗಲ್ಲಿ ಮುಖ ಮುಚ್ಚಿ ಅತ್ತಳಂತೆ. ಮೂರು ತಿಂಗಳಲ್ಲಿ ಅವಳು ಅತ್ತಿದ್ದು ಅದೊಂದೇ ಸಲ.

ಏಳು ಮನೆ ಹಿಟ್ಟು ಒಂದೇ ಹಂಡೆಯಲ್ಲಿ ಬೆಂದಿತು. ಬಂದವರು ಹೊಟ್ಟೆ ತುಂಬ ಉಂಡರು, ಬಾರದೆ ಊರಲ್ಲೇ ಉಳಿದವರು ಬಾಗಿಲ ಸಂದಿಯಿಂದ ವಾಸನೆ ಕುಡಿದರು. ಅವರೆಲ್ಲ ಉಂಡು ಕೈ ತೊಳೆದರಂತೆ, ಹೇಳಿದ ನನ್ನ ಬಾಯಿ ಒಣಗಿತು, ಕೇಳಿದ ನೀವು ಏಳಿ, ನಿಮ್ಮ ನಿಮ್ಮ ಒಲೆ ನೋಡಿಕೊಳ್ಳಿ.