ಎಣ್ಣೆ ಒಲ್ಲದ ಅಮ್ಮ

ಹೊನ್ನಾವರದ ಕಡೆಯ ಕರಾವಳಿಯಲ್ಲಿ, ನೀರ್ಕೋಡು ಎಂಬ ಊರಿನ ಪಡುವಣ ಅಂಚಿಗೆ ಒಂದು ಬೋಳುಗುಡ್ಡವಿದೆ. ಅದರ ನೆತ್ತಿಯ ಮೇಲೆ ಆಳೆತ್ತರದ ಒಂದು ಗುಡಿ, ಒಳಗೆ ಮರಿಯ ಮಾತೆಯ ಗೇಣುದ್ದದ ಮರದ ವಿಗ್ರಹ, ಹೊರಗೆ ಒಂದು ಹಾಸುಗಲ್ಲು. ಗುಡಿಗೂ ಗುಡ್ಡಕ್ಕೂ ಊರವರು ಇಟ್ಟಿರುವ ಹೆಸರು ಒಂದೇ, ಎಣ್ಣೆ ಒಲ್ಲದಮ್ಮ. ಅಲ್ಲಿ ಹಣತೆ ಹಚ್ಚುವುದಿಲ್ಲ. ಬಂದವರು ಧೂಪದ ಮರದ ರಾಳದ ಒಂದು ಹರಳನ್ನಿಟ್ಟು ಕೈಮುಗಿಯುತ್ತಾರೆ. ಹೆಸರು ಕೇಳಿ, ಇದು ಯಾವುದೋ ಮುನಿಸಿನ ತಾಯಿ ಎಂದು ನಾನೂ ಅಂಜಿಕೊಂಡೇ ಹತ್ತಿದವನು. ಗುಡಿ ನೋಡಿಕೊಳ್ಳುವ ಇನಾಸಜ್ಜ ನಕ್ಕುಬಿಟ್ಟರು. “ಮುನಿಸು ಎಂತದೂ ಇಲ್ಲ ಮಾರಾಯ್ರೆ. ಇದು ಉಪಕಾರದ ಹೆಸ್ರು. ಕೂತ್ಕಳಿ, ಹೇಳ್ತೆ” ಎಂದರು.

ಹಿಂದೆ ಒಮ್ಮೆ ಪಡುವಣ ದೇಶದ ಹಡಗೊಂದು ಈ ಗುಡ್ಡದ ಬುಡದ ಬಂಡೆಗೆ ಬಡಿದು ಒಡೆಯಿತು ಎನ್ನುತ್ತಾರೆ. ಜೀವಸಹಿತ ದಡ ಸೇರಿದವನು ಪೇರೋ ಎಂಬ ಹಾಡುಗಾರನೊಬ್ಬನೇ. ಪೋರ್ಚುಗಲ್ಲಿನ ಉತ್ತರಕ್ಕಿರುವ ಗಲೀಸಿಯಾ ಅವನ ನಾಡು. ಮರಿಯ ಮಾತೆಯ ಪವಾಡಗಳನ್ನು ಊರೂರಲ್ಲಿ ಹಾಡುವುದು ಅವನ ಮನೆತನದ ಕಸುಬು. ಅವನ ಕಮಾನು ವಾದ್ಯವೂ ಚರ್ಮದ ಚೀಲದ ಊದುವಾದ್ಯವೂ ನೀರುಪಾಲಾದವು. ಒಡಹುಟ್ಟಿದ ಅಣ್ಣನೂ ಮುಳುಗಿದ. ಉಳಿದದ್ದು ಪೆಟ್ಟಿಗೆಯೊಳಗಿದ್ದ ಚಕ್ರದ ವೀಣೆ ಮತ್ತು ಆ ಪುಟ್ಟ ವಿಗ್ರಹ. ಆ ವೀಣೆ ಒಬ್ಬರಿಂದ ನುಡಿಯುವಂಥದ್ದಲ್ಲ. ಒಬ್ಬ ಹಿಡಿಕೆ ತಿರುಗಿಸಬೇಕು, ಆಗ ಮರದ ಚಕ್ರ ತಂತಿಗಳನ್ನು ಉಜ್ಜುತ್ತದೆ. ಇನ್ನೊಬ್ಬ ಪಕ್ಕದಲ್ಲಿ ಕೂತು ಮರದ ಕೀಲಿಗಳನ್ನು ಎಳೆದು ಸ್ವರ ಹೊರಡಿಸಬೇಕು. ತಿರುಗಿಸುತ್ತಿದ್ದವನು ಅಣ್ಣ. ಮುಳುಗುವ ಹೊತ್ತಿನಲ್ಲಿ ಪೇರೋ ಹರಕೆ ಹೊತ್ತಿದ್ದ: ಬದುಕಿದರೆ ವರ್ಷ ತುಂಬುವ ದಿನ, ಕಡಲು ಕಾಣುವ ಎತ್ತರದಲ್ಲಿ, ಅಣ್ಣನ ಮೆಚ್ಚಿನ ಹಾಡನ್ನು ಇದೇ ವಾದ್ಯದಲ್ಲಿ ನುಡಿಸಿ ನಿನಗೊಪ್ಪಿಸುತ್ತೇನೆ ತಾಯಿ ಎಂದು.

ಅವನಿಗೆ ಆಸರೆ ಕೊಟ್ಟವರು ಗಾಣದ ಹೊನ್ನ ಮತ್ತು ಅವನ ಹೆಂಡತಿ ಸಣ್ಣಮ್ಮ. ವರ್ಷವಿಡೀ ಅನ್ನವಿಕ್ಕಿದರು, ನಾಲ್ಕು ಮಾತು ಕನ್ನಡ ಕಲಿಸಿದರು. ದಿನಾ ಸಂಜೆ ಪೇರೋ ಆ ಹಾಸುಗಲ್ಲಿನ ಮೇಲೆ ಕೂತು ಒಬ್ಬನೇ ಹೆಣಗುತ್ತಿದ್ದ. ತಂತಿಯ ಮೇಲೆ ಹಿಡಿತ ಸಿಗಲೆಂದು ಚಕ್ರಕ್ಕೆ ಹಚ್ಚುವ ಅಂಟು ಕಡಲು ಸೇರಿತ್ತು. ಅದು ಏನೆಂದು ಹೇಳಲು ಅವನಿಗೆ ಮಾತು ಸಾಲದು. ಒಣಚಕ್ರ ಕಿರ್ರೆಂದು ಅಳುತ್ತಿತ್ತು. ಹೊನ್ನ ಅದನ್ನು ಕೇಳಿ ಮರುಗುತ್ತಿದ್ದ. ಹುಟ್ಟಿದಾಗಿನಿಂದ ಗಾಣದ ಸುತ್ತ ನಡೆದವನು. ತಿರುಗುವ ಮರ ಕಿರುಗುಟ್ಟಿದರೆ ಏನು ಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹರಕೆಯ ಹಿಂದಿನ ದಿನ ಬೆಳಿಗ್ಗೆ, ಪೇರೋ ಮೀಯಲು ಹೋಗಿದ್ದಾಗ, ಮೊದಲ ಹಿಂಡಿನ ಎಳ್ಳೆಣ್ಣೆಯನ್ನು ಚಕ್ರದ ಅಂಚಿಗೆಲ್ಲ ಮಮತೆಯಿಂದ ಸವರಿಟ್ಟ.

ಪೇರೋ ಮಿಂದು ಬಂದು ತಿರುಗಿಸಿದರೆ ವೀಣೆ ಮೂಕ. ಚಕ್ರ ತಂತಿಗಳ ಮೇಲೆ ಜಾರಿತೇ ಹೊರತು ಒಂದು ಸ್ವರವೂ ಏಳಲಿಲ್ಲ. ಪೇರೋ ಬೈಯಲಿಲ್ಲ, ಮುಖ ಮುಚ್ಚಿಕೊಂಡು ಅತ್ತ. ಹೊನ್ನ ಕೈಕಟ್ಟಿ ನಿಂತ. ಸಣ್ಣಮ್ಮ ಮಾತ್ರ ಸುಮ್ಮನಿರಲಿಲ್ಲ. “ಅತ್ರೆ ಎಣ್ಣೆ ಹೋಗ್ತದ್ಯಾ? ಕೊಡಿ ಇತ್ಲಾಗೆ” ಎಂದು ಬಿಸಿ ತೌಡು ಹಾಕಿ ಉಜ್ಜಿದಳು, ಬಿಸಿಲಿಗಿಟ್ಟಳು, ಮತ್ತೆ ಉಜ್ಜಿದಳು. ಆದರೂ ನುಣುಪು ಬಿಡಲಿಲ್ಲ. ಕೊನೆಗೆ, ಸಂಜೆ ಧೂಪಕ್ಕೆಂದು ಇಟ್ಟಿದ್ದ ರಾಳವನ್ನು ಕುಟ್ಟಿ, ಹಿಡಿತ ಬರಲೆಂದು ಚಕ್ರಕ್ಕೆ ಸವರಿದಳು. ಅದರ ಕಂಪಿಗೆ ಪೇರೋ ತಲೆಯೆತ್ತಿದ. ವರ್ಷವಿಡೀ ಅವನು ಹುಡುಕಿದ ಅಂಟು ಅಡುಗೆಮನೆಯ ಗೂಡಿನಲ್ಲಿತ್ತು.

ಮರುದಿನ ಹಾಸುಗಲ್ಲಿನ ಮೇಲೆ ಅವನು ಪಕ್ಕದ ಜಾಗವನ್ನು ತೋರಿಸಿ, “ಹೊನ್ನಣ್ಣ, ನೀನು ತಿರುಗಿಸು” ಎಂದ. ಹೊನ್ನ ಹಿಂಜರಿದ. “ನಾ ಕೆಡಿಸಿದವ್ನಲ್ದಾ?”

“ನೀನು ಕೆಡಿಸದಿದ್ದರೆ ಇದು ಸಿಗುತ್ತಿರಲಿಲ್ಲ” ಎಂದ ಪೇರೋ.

ಗಾಣದ ನಡಿಗೆಯ ನಿಧಾನದಲ್ಲಿ ಹೊನ್ನ ಹಿಡಿಕೆ ತಿರುಗಿಸಿದ. ಹಾಡು ಕಡಲಿನವರೆಗೆ ಕೇಳಿಸಿತಂತೆ. ಅಂದಿನಿಂದ ಪ್ರತಿವರ್ಷ, ಬದುಕಿರುವಷ್ಟು ಕಾಲ, ಇಬ್ಬರೂ ಅಲ್ಲಿ ಕೂತು ನುಡಿಸಿದರು. ಆ ಪುಟ್ಟ ವಿಗ್ರಹಕ್ಕೆ ಅಲ್ಲೇ ಗುಡಿಯಾಯಿತು, ಎಣ್ಣೆ ಒಲ್ಲದೆ ರಾಳ ತೋರಿಸಿಕೊಟ್ಟ ತಾಯಿಯೆಂದು ಹೆಸರೂ ಬಂತು.

ಆ ವೀಣೆ ಈಗಿಲ್ಲ. ಆದರೆ ಹಾಸುಗಲ್ಲಿನ ಮೇಲೆ ಅವರಿಬ್ಬರು ಅಕ್ಕಪಕ್ಕ ಕೂತು ಸವೆದ ಎರಡು ಗುಂಡಿಗಳನ್ನು ಈಗಲೂ ಕಾಣಬಹುದು. ಒಂದು ಬರೀ ಕಲ್ಲಿನ ಬಣ್ಣ, ಇನ್ನೊಂದು ಕಪ್ಪಾಗಿ ಮಿರುಗುತ್ತದೆ. ಯಾಕೆಂದು ಕೇಳಿದೆ. ಆಗಷ್ಟೇ ದೂರದ ಊರಿನ ಹೆಂಗಸೊಬ್ಬಳು ತಿಳಿಯದೆ ಎಣ್ಣೆಯ ಕುಡಿಕೆ ತಂದಿದ್ದಳು. ಇನಾಸಜ್ಜ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಆ ಕಪ್ಪು ಗುಂಡಿಗೆ ಸುರಿದರು.

“ಬೇಜಾರು ಮಾಡ್ಕಬೇಡ ತಂಗಿ” ಎಂದರು. “ತಪ್ಪಿ ತಂದದ್ದೆಲ್ಲ ಹೊನ್ನಂಗೆ ಸಲ್ತದೆ.”