ನಾಗಲೆಯ ಒಣಗಿದ ದನಿ

“ಕೇಳಿರಯ್ಯಾ ಕೇಳಿರಿ! ಅರಸುಮಗಳು ನಾಗಲೆಯ ಕಂಠ ಒಣಗಿದೆ. ಅವಳ ಮೂರು ಒಗಟು ಬಿಡಿಸಿದವನಿಗೆ ಆಸ್ಥಾನಗಾಯಕನ ಪೀಠ, ಮೇಲೊಂದು ವರ. ತಪ್ಪಿದವನಿಗೆ ತಲೆದಂಡ!”

ಡಂಗುರದ ಸದ್ದಿಗೆ ಸೋವಣ್ಣ ಬಾಗಿಲಿಗೆ ಬಂದ. ಗುರುಗಳ ಬೆನ್ನ ಹಿಂದೆ ತಂಬೂರಿ ಮೀಟುತ್ತಲೇ ಹಾಡು ಕಲಿತವನು ಅವನು. ಗುರುಗಳು ತೀರಿಕೊಂಡ ಮೇಲೆ ಅವನನ್ನು ಹಾಡು ಎಂದವರಿಲ್ಲ, ಮಾತಾಡಿಸಿದವರೂ ಇಲ್ಲ. ಎಷ್ಟೋ ದಿನ ಅವನ ಬಾಯಿ ತೆರೆಯುತ್ತಿದ್ದುದು ತುತ್ತಿಗಷ್ಟೇ. ‘ಸತ್ತರೆ ಅಳುವವರು ಯಾರಿದ್ದಾರೆ?’ ಎಂದುಕೊಂಡು ಕದವೆಳೆದು ಹೊರಟ.

ಮದ್ದಿನ ಹೆಸರಲ್ಲಿ ಖಾರದ ಕಷಾಯ ಕುಡಿಸಿ ಮಗಳ ಗಂಟಲು ಸುಟ್ಟವರ ಮೇಲಿನ ಸಿಟ್ಟಿಗೆ ಅರಸ ಆ ದಂಡನೆ ಇಟ್ಟಿದ್ದ. ಒರೆಗಳಚಿದ ಕತ್ತಿ ಸಭೆಯ ನಡುವೆಯೇ ಇತ್ತು.

ನಾಗಲೆ ಗೊಗ್ಗರು ದನಿಯಲ್ಲಿ ಕೇಳಿದಳು: “ಕುಡಿದ ನೀರು ನನ್ನನ್ನು ಮುಟ್ಟದು. ನೀರಿಲ್ಲದೆ ನಾನು ನುಡಿಯೆನು. ನಾನು ಯಾರು?”

“ನಾಲಗೆ!” ಎಂದ ಒಬ್ಬ ಗಾಯಕ. ಭಟರು ಅವನನ್ನು ಎಳೆದೊಯ್ದರು. “ವೀಣೆಯ ತಂತಿ,” ಎಂದ ಇನ್ನೊಬ್ಬನೂ ಸೆರೆಮನೆ ಸೇರಿದ.

ಸೋವಣ್ಣನ ಸರದಿ ಬಂತು. “ಗಂಟಲೊಳಗಿನ ದನಿಯ ಹುರಿ, ತಾಯಿ. ಉಸಿರಿನ ದಾರಿ ಬೇರೆ, ನೀರಿನ ದಾರಿ ಬೇರೆ. ಕುಡಿದದ್ದು ಹೊಟ್ಟೆಗಿಳಿದು, ಮೈಯೆಲ್ಲ ಸುತ್ತಿ, ಆಮೇಲೆ ಅದನ್ನು ನೆನೆಸುತ್ತದೆ. ಹಾಡುವಾಗ ತಂಬಿಗೆ ಎತ್ತಿದರೆ ತಡವಾಯಿತು. ಬೆಳಗಿನಿಂದಲೇ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು.”

“ಕಾಲಿಲ್ಲದೆ ಮೇಲೇರುವ, ಉಸಿರಿನ ದಾರಿಯಲ್ಲೇ ಒಳಹೋಗುವ ನೀರು ಯಾವುದು?”

“ಹಬೆ. ಚಳಿಗಾಲದ ಒಣಗಾಳಿಗೆ ನಮ್ಮ ಗುರುಗಳು ಅದನ್ನೇ ನೆಚ್ಚಿದ್ದರು.”

“ನೀರು ಕುಡಿದರೂ, ಹಬೆ ಹಿಡಿದರೂ, ಹಾಡಲು ಕೂತೊಡನೆ ಬಾಯಿ ಒಣಗಿಸುವ ಬಿಸಿಲು ಯಾವುದು?”

ಅರಮನೆಯ ಬಾಗಿಲಲ್ಲಿ ಹೊಟ್ಟೆ ತುಂಬ ನೀರು ಕುಡಿದು ಬಂದಿದ್ದರೂ ಸೋವಣ್ಣನ ನಾಲಗೆ ಅಂಗುಳಕ್ಕೆ ಅಂಟಿತ್ತು. ತಲೆಯೆತ್ತಿದ. ನಾಗಲೆ ನೋಡುತ್ತಿದ್ದುದು ಅವನನ್ನಲ್ಲ, ಕತ್ತಿಯನ್ನು.

“ಭಯ, ತಾಯಿ,” ಎಂದ. “ಈಗ ನನ್ನ ಬಾಯಿ ಒಣಗಿದೆ. ನಿಮ್ಮದೂ.”

ನಾಗಲೆಯ ಕಣ್ಣು ತುಂಬಿತು. “ಹೌದು. ನನ್ನ ದನಿಗಾಗಿ ತಲೆ ಉರುಳುತ್ತದೆಂದರೆ ನಾನು ಹೇಗೆ ಹಾಡಲಿ, ಅಪ್ಪಾ? ಈ ಅರಮನೆಯಲ್ಲಿ ನನ್ನೆದುರು ಯಾರೂ ಉಸಿರೆತ್ತುವುದಿಲ್ಲ.”

ಅರಸನ ಮುಖ ಬಾಡಿತು. “ವರ ಕೇಳು,” ಎಂದ ಸೋವಣ್ಣನಿಗೆ.

“ಆ ಇಬ್ಬರನ್ನು ಬಿಟ್ಟುಬಿಡಿ, ಪ್ರಭು. ಮುಂದೆ ಯಾರ ತಲೆಯನ್ನೂ ಕೇಳಬೇಡಿ.”

ಅರಸ ಹಾಗೇ ಮಾಡಿದ. ನಾಗಲೆ ಮಾತು ಕಡಿಮೆ ಮಾಡಿ ಗಂಟಲಿಗೆ ಬಿಡುವು ಕೊಟ್ಟಳು; ಸೋವಣ್ಣ ಹೇಳಿದಂತೆ ದಿನವಿಡೀ ನೀರು ಗುಟುಕರಿಸಿದಳು, ಹಬೆ ಹಿಡಿದಳು. ವಾರಗಳು ಕಳೆದು ಒಂದು ಸಂಜೆ ಹಾಡಿದಳು. ಮೇಲಿನ ಷಡ್ಜದಲ್ಲಿ ದನಿ ಮೊದಲು ನಡುಗಿತು, ಆಮೇಲೆ ನಿಂತಿತು.

ಹಾಡು ಮುಗಿದು ಜನ ತಂತಮ್ಮವರೊಡನೆ ಮನೆಗೆ ಹೊರಟರು. ಸೋವಣ್ಣನೂ ಎದ್ದ. ಪೀಠ ಸಿಕ್ಕಿತ್ತು, ಹೆಸರು ಬಂದಿತ್ತು. ಆದರೂ ಹೋಗಬೇಕಾದ ಕೋಣೆಯಲ್ಲಿ ಅವನಿಗಾಗಿ ಕಾದವರಿರಲಿಲ್ಲ.

“ಊಟ ಆಯಿತೆ, ಸೋವಣ್ಣ?” ನಾಗಲೆ ಕೇಳಿದಳು.

ಗುರುಗಳು ಹೋದ ಮೇಲೆ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ.

“ಇಲ್ಲ.”

“ನನ್ನದೂ ಆಗಿಲ್ಲ. ಬಾ, ಒಟ್ಟಿಗೇ ಕೂರೋಣ.”