ಹೆಜ್ಜೆ ಅಳಿಸಿ ಬರುತ್ತಿದ್ದ ಛಾಯಾಗ್ರಾಹಕ

“ಅಜ್ಜಾರ, ಕಲತ ವಿದ್ಯಾದ ಬಗ್ಗೆ ಹೆಮ್ಮಿ ಪಡೋದು ತಪ್ಪೇನ್ರಿ?”

ಕೇಳಿದವನು ಮಡಿವಾಳಯ್ಯ. ಮಠದಲ್ಲಿ ಬೆಳಗಿನ ಪದ ಹಾಡುವವನು ಅವನೇ. ಹೋದ ವಾರ ಅವನು ಜ್ವರದಿಂದ ಮಲಗಿದ್ದಾಗ ಮಠದಲ್ಲಿ ಪದವೇ ಇರಲಿಲ್ಲ. ಎದ್ದು ಬಂದು ಹಾಡಿದ ದಿನ, ನೀವಿಲ್ಲದೆ ನಮಗೆ ಬೆಳಗೇ ಆಗಲಿಲ್ಲ ಎಂದು ಭಕ್ತರು ಹೇಳಿದರು. ಆ ಮಾತು ಅವನಿಗೆ ಸಿಹಿಯಾಯಿತು. ಸಿಹಿಯಾಯಿತಲ್ಲ ಎಂದು ಆಮೇಲೆ ಅಳುಕೂ ಆಯಿತು.

ಮಠದ ಹಿರಿಯರಾದ ಅಜ್ಜನವರು ನಕ್ಕರು. “ಕುಂದ್ರು. ಒಂದು ಕತಿ ಹೇಳತೀನಿ,” ಎಂದು ಶುರುಮಾಡಿದರು.

ಒಬ್ಬ ಛಾಯಾಗ್ರಾಹಕನಿದ್ದ. ಮಳೆ ಅಪರೂಪವಾದ ಕೆಂಪುಕಲ್ಲಿನ ನಾಡಿನಲ್ಲಿ ತಿರುಗಿ, ಆಳದ ಕಮರಿಗಳನ್ನೂ ಗಾಳಿ ಕೊರೆದ ಕಲ್ಲಿನ ಕಮಾನುಗಳನ್ನೂ ಹುಡುಕಿ ಚಿತ್ರ ತೆಗೆಯುವುದು ಅವನ ಕಸುಬು. ಸೂರ್ಯ ನೆತ್ತಿಗೆ ಬಂದ ಮೇಲೆ ಅವನು ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಸುಡುಬಿಸಿಲಿನಲ್ಲಿ ಕಲ್ಲು ಬರೀ ಕಲ್ಲು, ಮೆದು ಬೆಳಕಿನಲ್ಲಿ ಮಾತ್ರ ಅದು ಮುಖ ತೋರಿಸುತ್ತದೆ ಎನ್ನುವನು. ಆ ಬೆಳಕಿಗಾಗಿ ಕಾಯುತ್ತ ಕೂರುವನು. ಕಾಯುವುದರಲ್ಲಿ ಕೆರೆಯ ಕೊಕ್ಕರೆಯೂ ಅವನ ಮುಂದೆ ಸೋಲಬೇಕು.

ಒಂದು ಮುಂಜಾನೆ ಯಾರೂ ಕಾಲಿಡದ ಕಮರಿಯೊಂದರ ಕೊನೆಯಲ್ಲಿ ಅವನಿಗೆ ಒಂದು ಕಮಾನು ಸಿಕ್ಕಿತು. ಅಲ್ಲಿ ಹುಲ್ಲಿಲ್ಲ, ಹುಲ್ಲಿಲ್ಲದ ಕಡೆ ಕುರಿಯವರು ಹೋಗುವುದಿಲ್ಲ. ಗುಡ್ಡದ ಬುಡದ ಊರಿನವರಿಗೂ ಅದು ಗೊತ್ತಿರಲಿಲ್ಲ. ಬಿಸಿಲು ಇನ್ನೂ ಕಮರಿಗೆ ಇಳಿದಿರಲಿಲ್ಲ. ಎದುರು ಬಂಡೆಯ ಮೇಲ್ತುದಿಗೆ ಬಿದ್ದ ಬೆಳಕು ತಿರುಗಿ ಬಂದು ಕಮಾನಿನ ಒಳಮೈಗೆ ತಾಗುತ್ತಿತ್ತು. ಕಲ್ಲು ಊದಿದ ಕೆಂಡದಂತೆ ಒಳಗಿನಿಂದಲೇ ಕೆಂಪಾಗಿತ್ತು. ಅವನು ಚಿತ್ರ ತೆಗೆದ. ಕಣ್ಣು ತುಂಬಿ ಬಂತು.

ಆ ಚಿತ್ರ ನಾಡೆಲ್ಲ ಹೆಸರಾಯಿತು. ಇದು ಎಲ್ಲಿಯದು ಎಂದು ಕೇಳಿದವರಿಗೆ ಅವನು ಮೀಸೆಯಲ್ಲೇ ನಗುವನು. ವರ್ಷಕ್ಕೊಮ್ಮೆ ಒಬ್ಬನೇ ಹೋಗುವನು. ಬರುವಾಗ ಒಣಟೊಂಗೆಯಿಂದ ಮರಳಿನ ಮೇಲಿನ ತನ್ನ ಹೆಜ್ಜೆಗಳನ್ನು ಗುಡಿಸುವನು, ಕ್ಯಾಮೆರಾದ ಮುಕ್ಕಾಲಿ ಊರಿದ ಕುಳಿಗಳನ್ನು ಮುಚ್ಚುವನು. ಗುಡ್ಡದ ನೆತ್ತಿ ಕಂಡರೆ ಯಾರಾದರೂ ಗುರುತು ಹಿಡಿದಾರು ಎಂದು ಚಿತ್ರದಲ್ಲಿ ಅಷ್ಟನ್ನು ಬಿಟ್ಟೇಬಿಡುವನು. ತನ್ನ ಕಣ್ಣೊಂದೇ ಅದನ್ನು ಕಂಡದ್ದು ಎಂಬ ಹೆಮ್ಮೆ ಅವನಿಗೆ. ಬಿಟ್ಟಿ ಬಂದ ಹೆಮ್ಮೆಯಲ್ಲ, ಬೆವರು ಹರಿಸಿ ಗಳಿಸಿದ್ದು. ಆದರೆ ಅದಕ್ಕೆ ಅಗುಳಿ ಹಾಕಿ ಕೂತಿದ್ದ.

ಹೀಗಿರುವಾಗ ರಸ್ತೆಗೆ ಕಲ್ಲು ಬೇಕಾಗಿ ಆ ಗುಡ್ಡವನ್ನು ಒಡೆಯುವುದೆಂದು ತೀರ್ಮಾನವಾಯಿತು. ಅಧಿಕಾರಿಯೊಬ್ಬ ಊರಿಗೆ ಬಂದು, ಗುಡ್ಡದಲ್ಲಿ ಉಳಿಸಿಕೊಳ್ಳುವಂಥದ್ದು ಏನಾದರೂ ಇದೆಯೇ ಎಂದು ಕೇಳಿದ. ಏನೂ ಇಲ್ಲ ಎಂದರು ಊರವರು. ಗೊತ್ತಿದ್ದರೆ ತಾನೆ ಹೇಳುವುದು? ಸುದ್ದಿ ಕೇಳಿದ ಛಾಯಾಗ್ರಾಹಕ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಅಧಿಕಾರಿಯ ಮುಂದೆ ತನ್ನ ಚಿತ್ರಗಳನ್ನು ಹರವಿದ.

“ಚಂದ ಅದಾವು,” ಎಂದ ಅಧಿಕಾರಿ. “ಆದ್ರ ಇದರಾಗ ಗುಡ್ಡ ಎಲ್ಲೈತ್ರಿ? ಯಾವ ನಾಡಿನ ಕಲ್ಲೋ ಏನೋ. ನಿಮ್ಮನ್ನ ಬಿಟ್ಟು ಇನ್ಯಾರು ನೋಡ್ಯಾರ?”

ಯಾರೂ ನೋಡಿರಲಿಲ್ಲ. ಇಷ್ಟು ವರ್ಷ ಅವನು ಬೀಗಿದ್ದೇ ಆ ಮಾತಿಗೆ. ಈಗ ಅದೇ ಮಾತು ಅವನಿಗೆ ಮುಳುವಾಯಿತು.

“ಒಬ್ಬರ ಮಾತಿಗೆ ಕೆಲಸ ನಿಲ್ಲಸಾಕ ಬರೂದಿಲ್ರಿ,” ಎಂದ ಅಧಿಕಾರಿ. “ನಾಳಿ ಬಿಸಲೇರೂದ್ರಾಗ ಸಿಡಿಮದ್ದು ಇಡವ್ರು ಬರತಾರ. ಅಷ್ಟರಾಗ ಊರ ಮಂದಿ ನೋಡಿ, ಇದು ನಮ್ಮದು, ಬೇಕು ಅಂದ್ರ ನಿಲ್ಲಸತೀನಿ.”

ಛಾಯಾಗ್ರಾಹಕ ಆ ಸಂಜೆ ಮನೆಮನೆಯ ಬಾಗಿಲಿಗೆ ಹೋದ. ಯಾರನ್ನು ತಪ್ಪಿಸಲು ಹೆಜ್ಜೆ ಗುಡಿಸಿದ್ದನೋ ಅವರನ್ನೇ ಕೈಮುಗಿದು ಕರೆದ. ಒಬ್ಬ ಮುದುಕಿ ಅವನನ್ನು ತಡೆದು ಕೇಳಿದಳು.

“ನಮ್ಮ ಗುಡ್ಡದಾಗ ಐತಿ ಅಂತಿ. ನಮಗ್ಯಾಕ ಹೇಳಲಿಲ್ಲೋ ತಮ್ಮಾ?”

“ನಂದ ಅಂತ ತಿಳದಿದ್ದೆ, ಯವ್ವಾ.”

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಾರನೆಯ ದಿನ ಎಲ್ಲರಿಗಿಂತ ಮೊದಲು ಕೋಲೂರಿ ಹೊರಟವಳು ಅವಳೇ.

ನಸುಕಿನಲ್ಲಿ ಊರಿಗೆ ಊರೇ ಅವನ ಹಿಂದೆ ನಡೆಯಿತು. ಅಧಿಕಾರಿಯೂ ಬಂದ. ಕಮರಿಯ ಒಳಗೆ ಒಂದು ಕಡೆ ದಾರಿ ಮೂರಾಗಿ ಒಡೆದಿತ್ತು. ಮೂರೂ ಬಿರುಕುಗಳು ನೋಡಲು ಒಂದೇ. ಬೆಳಕು ಹರಿದ ಮೇಲಷ್ಟೇ ಇಲ್ಲಿಗೆ ಬಂದು ರೂಢಿಯಿದ್ದ ಛಾಯಾಗ್ರಾಹಕನ ಕಾಲು ಆ ಮಬ್ಬಿನಲ್ಲಿ ನಿಂತಿತು. ಗುರುತಿಗೆ ಒಂದು ಕಲ್ಲನ್ನೂ ಇಟ್ಟಿರಲಿಲ್ಲ, ಒಂದು ಹೆಜ್ಜೆಯನ್ನೂ ಉಳಿಸಿರಲಿಲ್ಲ. ಹಿಂದಿದ್ದ ಜನ ಗುಸುಗುಸು ಶುರುಮಾಡಿದರು.

ಅವನು ಕಣ್ಣುಜ್ಜಿಕೊಂಡು ಗೋಡೆಗಳನ್ನು ನೋಡಿದ. ಎರಡು ಬಿರುಕುಗಳ ಗೋಡೆ ಬೂದಿ ಬಣ್ಣಕ್ಕಿತ್ತು. ಮೂರನೆಯದರ ಒಳಗೋಡೆ ಮಾತ್ರ, ಇದೆಯೋ ಇಲ್ಲವೋ ಎನ್ನುವಷ್ಟು, ಕೆಂಪೇರಿತ್ತು. ಆ ಕೆಂಪು ಅವನ ಜೀವಮಾನದ ಗಳಿಕೆ. ಬೇರೆ ಯಾವ ಕಣ್ಣಿಗೂ ಅದು ಆ ಹೊತ್ತಿಗೆ ಕಾಣುತ್ತಿರಲಿಲ್ಲ. “ಹಿಂಗ ಬರ್ರಿ,” ಎಂದು ಅವನು ನುಗ್ಗಿದ.

ಕಮಾನಿನ ಮುಂದೆ ಜನ ನಿಂತರು. ಮೆದು ಬೆಳಕು ಕಲ್ಲಿನಿಂದ ಅವರ ಮುಖಗಳ ಮೇಲೆ ಇಳಿಯಿತು. ಮುದುಕಿ ಹತ್ತಿರ ಹೋಗಿ ಕಲ್ಲಿನ ಮೇಲೆ ಅಂಗೈ ಇಟ್ಟು, ಅಧಿಕಾರಿಯ ಕಡೆ ತಿರುಗಿದಳು.

“ಇದು ನಮ್ಮದರಿ. ಮುಟ್ಟಗೊಡೂದಿಲ್ಲ.”

ಮದ್ದಿನವರು ಬಂದ ದಾರಿ ಹಿಡಿದು ಹೋದರು. ಛಾಯಾಗ್ರಾಹಕ ಆ ಬೆಳಗು ಮತ್ತೊಂದು ಚಿತ್ರ ತೆಗೆದ. ಅದರಲ್ಲಿ ಗುಡ್ಡದ ನೆತ್ತಿಯಿತ್ತು, ಕಮರಿಯ ಗೋಡೆಗಳಿದ್ದವು, ಕಮಾನಿನ ಕೆಳಗೆ ಇಡೀ ಊರಿತ್ತು. ಇಂದಿಗೂ ಅದು ಊರಿನ ಚಾವಡಿಯಲ್ಲಿದೆ. ಬಂದವರಿಗೆಲ್ಲ ಮುದುಕಿ, ನಮ್ಮ ಕಮಾನು ನೋಡಿದಿರೇನು ಎಂದು ಕೇಳುವಳು. ಪಕ್ಕದಲ್ಲೇ ನಿಂತ ಛಾಯಾಗ್ರಾಹಕನ ಎದೆ ಉಬ್ಬುವುದು. ತನ್ನ ಹೆಸರೆತ್ತಿ ಹೊಗಳಿದಾಗಲೂ ಅದು ಅಷ್ಟು ಉಬ್ಬಿರಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿದರು. ಮಡಿವಾಳಯ್ಯನ ಮುಖ ಅರಳಿತ್ತು.

“ಹಂಗಾರ ಹೆಮ್ಮಿ ತಪ್ಪಲ್ಲ, ಹೌದಿಲ್ರಿ ಅಜ್ಜಾರ?”

“ತಪ್ಪಲ್ಲಪ್ಪ, ನಾಳಿ ನಿನಗ ಮತ್ತ ಜ್ವರ ಬಂದ್ರ ಪದ ಯಾರು ಹಾಡಬೇಕು, ಅದನ್ನಷ್ಟು ಹೇಳು.”

ಮಾರನೆಯ ಬೆಳಗು ಮಡಿವಾಳಯ್ಯ ಮಠದ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪದ ಹೇಳಿಕೊಡಲು ಶುರುಮಾಡಿದ.